ಗದ್ದದ ಹುರುಪೆ ನೋಡಲು ಬೈಂದೂರಿಗೆ

ಬ್ರಹ್ಮಾವರದಿಂದ ಬೆಳಿಗ್ಗೆ ಏಳರ ಬಸ್ಸಿಗೆ ಹೊರಟೆ. ಚೀಲದಲ್ಲಿ ಭೂತಗನ್ನಡಿ, ಚಿಮಟ, ನೀರಿನ ಬಾಟಲಿ. ಕಾಲೇಜಿನಲ್ಲಿ ನಾನು ಪ್ರಾಣಿಶಾಸ್ತ್ರ ಕಲಿಸಿದ್ದ ಗಿರಿಜಾ ಹಿಂದಿನ ದಿನ ಬೈಂದೂರಿನಿಂದ ಫೋನ್ ಮಾಡಿದ್ದಳು. ಬಲೆಯಿಂದ ಮೀನು ಬಿಡಿಸುವಾಗ ಹಾವು ಕಚ್ಚಿ ಅವಳ ಅಣ್ಣ ಸುರೇಶ ತೀರಿಕೊಂಡು ಹನ್ನೆರಡು ದಿನವಾಗಿತ್ತು. ಹಾವಿನ ತಲೆಯನ್ನು ಸ್ಪಿರಿಟ್ಟಿನಲ್ಲಿ ಹಾಕಿಟ್ಟಿದ್ದಳು. "ಅದ್ ಯಾವ್ದ್ ಅಂತ ನೀವೇ ಬಂದ್ ಕಾಣಿ, ಟೀಚ್ರೇ" ಎಂದಷ್ಟೇ ಹೇಳಿದಳು.

ಕುಂದಾಪುರದಲ್ಲಿ ಬಸ್ಸು ಬದಲಿಸಿದೆ. ನಿಲ್ದಾಣದ ಹೋಟೆಲಿನಲ್ಲಿ ತರಿಸಿದ ಗೋಳಿಬಜೆ ತಿನ್ನಲಾಗಲಿಲ್ಲ. ಹೆಮ್ಮಾಡಿ ದಾಟುವಾಗಲೇ ಬಿಸಿಲಿಗೆ ಸೀಟು ಕಾದಿತ್ತು. ಒಟ್ಟು ಐವತ್ತು ಕಿಲೋಮೀಟರಿಗೂ ಮೀರಿದ ದಾರಿ.

ಗಿರಿಜಾ ಮನೆಯ ಜಗಲಿಯಲ್ಲಿ ಹಾವಿನ ತಲೆಯಿದ್ದ ಸೀಸೆ ತಂದಿಟ್ಟಳು. ಹಾವಿನ ಜಾತಿಗಳನ್ನು ಬೇರ್ಪಡಿಸಲು ತಲೆಯ ಹುರುಪೆಗಳ ಆಕಾರ, ಸಂಖ್ಯೆ, ಅವು ಇರುವ ಜಾಗ ನೋಡುತ್ತಾರೆ. ಇದರ ಮೂತಿ ಕೊಕ್ಕಿನಂತೆ ಕೆಳಗೆ ಬಾಗಿತ್ತು. ತಲೆಯನ್ನು ಮಗುಚಿದೆ. ಉಳಿದ ಕಡಲ ಹಾವುಗಳಿಗೆ ಗದ್ದದ ತುದಿಯ ಹುರುಪೆ ಅಗಲ. ಇದರದು ಸಿಬಿರಿನಷ್ಟು ಸಪೂರವಾಗಿ ಗದ್ದದ ಸೀಳಿನೊಳಗೆ ಅಡಗಿತ್ತು. ಅನುಮಾನ ಉಳಿಯಲಿಲ್ಲ. ಕಡಲ ಹಾವುಗಳಲ್ಲಿ ಹೆಚ್ಚು ಜೀವ ತೆಗೆಯುವುದು ಈ ಕೊಕ್ಕಿನ ಹಾವೇ. ಹಾಗೆಂದು ಹೇಳಿದೆ.

"ಕಚ್ಚಿದಾಗ ಅಣ್ಣಂಗೆ ನೋವೇ ಇರ್ಲಿಲ್ಲ" ಎಂದಳು. "ಕಡಲ ಹಾವ್ ಕಚ್ಚೂದ್ ಕಮ್ಮಿ, ಹೆದ್ರೂದ್ ಬ್ಯಾಡ ಅಂತ ನಾನೇ ಚಾ ಕೊಟ್ಟ್ ಮಲ್ಗ್ಸಿದೆ. ನೀವ್ ಕ್ಲಾಸಲ್ಲಿ ಹೇಳಿದ್ ನೆನ್ಪಿತ್ತ್."

ಸಂಜೆಗೆ ಅವನ ದವಡೆ ಬಿಗಿದಿತ್ತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಉಸಿರು ನಿಂತಿತ್ತು.

ಹೌದು, ಕಚ್ಚುವುದು ಕಡಿಮೆ ಎಂದು ಹೇಳಿದ್ದೆ. ಕಚ್ಚಿದರೆ ಏನಾಗುತ್ತದೆ ಎಂಬುದನ್ನು ಪರೀಕ್ಷೆಗೆ ಬರುವುದಿಲ್ಲವೆಂದು ಬಿಟ್ಟಿದ್ದೆ.

"ಆಗ್ಲೇ ಆಸ್ಪತ್ರೆಗೆ ಕರ್ಕಂಡ್ ಹೋಗಿದ್ರೆ ಬದ್ಕತಿದ್ನಾ?"

ಇಲ್ಲ ಎಂದುಬಿಡಬಹುದಿತ್ತು. ಸುಳ್ಳು ಬೇಡವೆನಿಸಿತು. "ಇದರ ವಿಷಕ್ಕೆ ಇಲ್ಲಿ ಸಿಗುವ ಮದ್ದು ಹಿಡಿಯುವುದಿಲ್ಲ. ಉಸಿರಾಟದ ಯಂತ್ರ ಹಾಕಿದ್ದರೆ ಬದುಕಬಹುದಿತ್ತು" ಎಂದೆ. "ತಪ್ಪು ನಿನ್ನದಲ್ಲ ಮಗಾ. ಅರ್ಧ ಪಾಠ ಮಾಡಿದವಳು ನಾನು."

ಅವಳು ನನ್ನನ್ನು ಬೈಯಲಿಲ್ಲ. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಸದ್ದಿಲ್ಲದೆ ಅತ್ತಳು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಕಣ್ಣೊರೆಸಿಕೊಂಡು ಭೂತಗನ್ನಡಿಗೆ ಕೈ ಚಾಚಿದಳು.

"ಆ ಹುರುಪೆ ಎಲ್ಲಿತ್ತ್? ನಂಗೂ ತೋರ್ಸಿ."

ತೋರಿಸಿದೆ. ಮೂರು ಸಲ ನೋಡಿದಳು. ಭೂತಗನ್ನಡಿಯನ್ನು ಅವಳಲ್ಲೇ ಬಿಟ್ಟೆ.

ಬಸ್ಸಿನವರೆಗೂ ಬಂದಳು, ಸೀಸೆಯನ್ನೂ ಭೂತಗನ್ನಡಿಯನ್ನೂ ಕೈಯಲ್ಲಿ ಹಿಡಿದುಕೊಂಡೇ. ಬಸ್ಸು ಹೊರಟ ಮೇಲೆ ಹಿಂತಿರುಗಿ ನೋಡಿದೆ. ಅವಳು ಮನೆಯ ದಾರಿ ಹಿಡಿದಿರಲಿಲ್ಲ. ದೋಣಿಗಳನ್ನು ಎಳೆದಿಟ್ಟಿದ್ದ ಕಡೆಗೆ, ಬಲೆಯಿಂದ ಮೀನು ಬಿಡಿಸುತ್ತಾ ಕುಳಿತವರ ಬಳಿಗೆ ನಡೆಯುತ್ತಿದ್ದಳು.