ಮಗ್ಗೆ ಎಂದು ಬರೆದಿದ್ದ ಲಾಟುಗಳೆಲ್ಲ

ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿತ್ತು. ನಾನಾಗ ಸಕಲೇಶಪುರದಲ್ಲಿ ಕಾಫಿ ಬೆಳೆಗಾರರ ಒಂದು ಸಣ್ಣ ಸಂಘದ ಕಚೇರಿಯಲ್ಲಿ ಕಂಪ್ಯೂಟರ್ ಕೆಲಸಕ್ಕಿದ್ದೆ. ದಿನವೂ ಆಲೂರಿನಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಸಂಘದವರು ಸದಸ್ಯರ ಕಾಫಿಯನ್ನು ಹೊರದೇಶಕ್ಕೆ ಕಳಿಸುತ್ತಿದ್ದರು. ಅಲ್ಲಿಯವರಿಗೆ ಕಾಫಿಯ ಜೊತೆ ಅದರ ಜಾತಕವೂ ಬೇಕಿತ್ತು: ಯಾರು ಬೆಳೆದದ್ದು, ಯಾವ ಕಣದಲ್ಲಿ ಒಣಗಿಸಿದ್ದು, ಯಾವ ಲಾರಿಯಲ್ಲಿ ಬಂದದ್ದು. ಒಬ್ಬ ಬೆಳೆಗಾರನ ಒಂದು ಸಲದ ಮೂಟೆಗಳೆಂದರೆ ಒಂದು ಲಾಟು; ಲಾಟಿಗೊಂದರಂತೆ ಎಕ್ಸ್‌ಎಂಎಲ್ ಫೈಲು ಕಳಿಸಬೇಕೆಂದು ಅವರ ಷರತ್ತು. ಅದೇನು ಬ್ರಹ್ಮವಿದ್ಯೆಯಲ್ಲ. ಪ್ರತಿ ಮಾಹಿತಿಯ ಹಿಂದೆ ಮುಂದೆ ಅದು ಏನೆಂದು ಹೇಳುವ ಚೀಟಿ ಅಂಟಿಸುವುದು, ಅಷ್ಟೇ. ಬೆಳೆಗಾರನ ಚೀಟಿಯೊಳಗೆ ಒಂದು ಊರು, ಕಣದ ಚೀಟಿಯೊಳಗೆ ಇನ್ನೊಂದು ಊರು, ಲಾರಿಯ ಚೀಟಿಯೊಳಗೆ ಮತ್ತೊಂದು.

ಈ ಫೈಲುಗಳನ್ನು ಡೇಟಾಬೇಸಿನಲ್ಲಿಡುವ ವ್ಯವಸ್ಥೆ ಮಾಡಲು ನಮ್ಮ ಕಾರ್ಯದರ್ಶಿಗಳು ಬೆಂಗಳೂರಿನಿಂದ ಒಬ್ಬ ತಜ್ಞನನ್ನು ಕರೆಸಿದರು. ಆತ ಕುರ್ಚಿಯನ್ನು ಕರ್ಚೀಫಿನಿಂದ ಒರೆಸಿಕೊಂಡು ಕೂತ ರೀತಿಯಲ್ಲೇ ನನಗೆ ಆಳು ಎಂಥವನೆಂದು ಗೊತ್ತಾಗಿತ್ತು. ಬಂದ ನಾಲ್ಕು ದಿನದಲ್ಲಿ ಒಂದು ಕಣವನ್ನೂ ನೋಡಲಿಲ್ಲ. ನನ್ನನ್ನು ಟೈಪಿಸ್ಟ್ ಎಂದು ಕರೆಯುತ್ತಿದ್ದ. ಕೊನೆಗೆ ಮಾಡಿಕೊಟ್ಟದ್ದು ಎರಡೇ ಕಾಲಂಗಳ ಒಂದು ಟೇಬಲ್. ಒಂದರಲ್ಲಿ ಲಾಟಿನ ನಂಬರು, ಇನ್ನೊಂದರಲ್ಲಿ ಇಡೀ ಫೈಲು, ಇದ್ದದ್ದು ಇದ್ದಂತೆಯೇ. ಬೀರು ತಂದು, ಅದರೊಳಗೆ ಬಟ್ಟೆಯನ್ನೆಲ್ಲ ಗಂಟುಕಟ್ಟಿ ತುರುಕಿದ ಹಾಗೆ.

ಬೆಳೆಗಾರ, ಕಣ, ಲಾರಿ ಇವಕ್ಕೆ ಬೇರೆ ಬೇರೆ ಟೇಬಲ್ ಮಾಡಿದರೆ ಹುಡುಕುವುದು ಸುಲಭವಲ್ಲವೇ ಎಂದು ಕೇಳಿದೆ. ಆತ ಕಾರ್ಯದರ್ಶಿಗಳ ಕಡೆ ತಿರುಗಿ, ನಿಮ್ಮವರು ಇನ್ನೂ ರಿಜಿಸ್ಟರಿನ ಕಾಲದಲ್ಲೇ ಇದ್ದಾರೆ ಎಂದ. ಕಾರ್ಯದರ್ಶಿಗಳು ನಕ್ಕರು. ಅವರಿಗೆ ಟೇಬಲ್ ಎಂದರೆ ಎದುರಿಗಿದ್ದ ಮೇಜು ಬಿಟ್ಟು ಬೇರೇನೂ ಗೊತ್ತಿರಲಿಲ್ಲ. ತಜ್ಞನ ಮಾತಿಗಿಂತ ಆ ನಗು ನನಗೆ ಹೆಚ್ಚು ಹೇಸಿಗೆ ಹುಟ್ಟಿಸಿತು.

ಮಳೆ ಹಿಡಿದ ಮೇಲೆ ಹೊರದೇಶದಿಂದ ಒಂದು ಪತ್ರ ಬಂತು. ಒಂದು ಲಾಟಿನಲ್ಲಿ ಮುಗ್ಗಲು ವಾಸನೆ, ಅದೇ ಕಣದಲ್ಲಿ ಒಣಗಿಸಿದ ಬೇರೆ ಲಾಟುಗಳನ್ನು ಕಳಿಸಬೇಡಿ ಎಂದು. ಆ ಕಣ ಮಗ್ಗೆ ಎಂಬ ಊರಿನಲ್ಲಿತ್ತು. ಸ್ವಂತ ಕಣವಿಲ್ಲದವರು ಅದನ್ನು ಬಾಡಿಗೆಗೆ ಹಿಡಿಯುತ್ತಿದ್ದರು. ತಜ್ಞ ಮತ್ತೆ ಬಂದ. ಫೈಲುಗಳ ಬರಹದಲ್ಲಿ ಎಲ್ಲೇ ಆಗಲಿ ಮಗ್ಗೆ ಎಂಬ ಪದ ಇರುವ ಲಾಟುಗಳನ್ನೆಲ್ಲ ತೆಗೆದುಕೊಡು ಎಂದು ಕಂಪ್ಯೂಟರನ್ನು ಕೇಳುವ ಕ್ವೆರಿ ಬರೆದ. ಉದ್ದ ಪಟ್ಟಿ ಬಂತು. ಮಗ್ಗೆಯಲ್ಲಿ ಮನೆಯಿದ್ದವರು ಬಂದರು, ಮಗ್ಗೆಯವನ ಲಾರಿಯಲ್ಲಿ ಕಾಫಿ ಕಳಿಸಿದವರೂ ಬಂದರು. ಆದರೆ ಕೆಲವು ಫೈಲುಗಳಲ್ಲಿ ಕಣದ ಊರು ಬರೆಯದೆ ಬರೀ ಕಣದ ನಂಬರು ಹಾಕಿದ್ದೆವು. ಅವು ಪಟ್ಟಿಗೆ ಬರಲೇ ಇಲ್ಲ. ಆ ಫೈಲುಗಳನ್ನು ತುಂಬಿಸಿದವಳು ನಾನೇ, ನನಗೆ ಅದು ಗೊತ್ತಿತ್ತು. ಹೇಳಲು ಹೋದೆ. ಕಾರ್ಯದರ್ಶಿಗಳು ಕೈ ಅಡ್ಡ ಹಿಡಿದು, ದೊಡ್ಡವರು ಕೆಲಸ ಮಾಡುವಾಗ ಬಾಯಿ ಹಾಕಬೇಡ ಎಂದರು. ನಾನು ವಾಪಸ್ ಬಂದು ಟೈಪಿಂಗ್ ಮುಂದುವರಿಸಿದೆ.

ಪಟ್ಟಿಯಲ್ಲಿದ್ದ ಮೂಟೆಗಳೆಲ್ಲ ಸ್ಟೋರಿನಲ್ಲೇ ಉಳಿದವು. ಮಳೆಗಾಲದ ತೇವದಲ್ಲಿ ಬೀಜ ಬಿಳಚಿಕೊಳ್ಳುತ್ತದೆ, ಅದು ಕಾಫಿ ಬೆಳೆದವರಿಗೆಲ್ಲ ಗೊತ್ತು. ಎರಡು ವಾರಕ್ಕೆ ಮಗ್ಗೆಯ ಒಬ್ಬ ಹೆಂಗಸು ಬಂದರು. ನನ್ನ ತಾಯಿಯ ವಯಸ್ಸಿನವರು; ಮನೆಯ ಹಿಂದಿನ ಅಷ್ಟಿಷ್ಟು ತೋಟವನ್ನು ತಾವೇ ನೋಡಿಕೊಳ್ಳುತ್ತಿದ್ದರು. ಅವತ್ತು ಕಚೇರಿಯಲ್ಲೇ ಇದ್ದ ತಜ್ಞ ಅವರನ್ನು ಕೂರಿಸಲೂ ಇಲ್ಲ. ಕಂಪ್ಯೂಟರೇ ಹೇಳಿದೆಯಮ್ಮಾ, ನಾವೇನು ಮಾಡೋಕಾಗುತ್ತೆ ಎಂದ. ಆಕೆ ಅವನನ್ನು ಬಿಟ್ಟು ನನ್ನ ಕಡೆ ತಿರುಗಿದರು.

"ನಮ್ಮನೆ ಮುಂದಿನ ಕಣದಲ್ಲೇ ಒಣಗ್ಸಿದ್ದು ಕಣವ್ವ. ಆ ಬಾಡಿಗೆ ಕಣ ತುಳ್ದೇ ಇಲ್ಲ. ನಾನು ಮಗ್ಗೆಯೋಳು ಅನ್ನೋದೇ ತಪ್ಪಾಗ್ಬುಡ್ತಾ?"

ಆಕೆಯ ಮುಖ ನೋಡಲಾಗದೆ ಕೀಬೋರ್ಡ್ ನೋಡಿದೆ.

ಮಾರನೆಯ ದಿನದಿಂದ, ಯಾರನ್ನೂ ಕೇಳದೆ, ನನ್ನ ಕೆಲಸದ ನಡುವೆಯೇ ಶುರುಮಾಡಿದೆ. ಒಂದೊಂದು ಫೈಲನ್ನೂ ಓದಿ, ಚೀಟಿಗಳ ಪ್ರಕಾರ ಬಿಡಿಸಿ, ಬೆಳೆಗಾರರನ್ನು ಒಂದು ಟೇಬಲಿಗೆ, ಕಣಗಳನ್ನು ಇನ್ನೊಂದಕ್ಕೆ, ಲಾರಿಗಳನ್ನು ಮತ್ತೊಂದಕ್ಕೆ ಹಾಕುವ ಪುಟ್ಟ ಪ್ರೋಗ್ರಾಂ ಬರೆದೆ. ಮೂರು ದಿನ ಹಿಡಿಯಿತು. ಆಮೇಲೆ ಆ ಕಣದ ನಂಬರು ಕೊಟ್ಟು ಕೇಳಿದೆ. ಐದೇ ಲಾಟು. ಆ ಹೆಂಗಸಿನದು ಅದರಲ್ಲಿರಲಿಲ್ಲ. ಐದರಲ್ಲಿ ಎರಡು, ತಜ್ಞನ ಪಟ್ಟಿಯಲ್ಲಿ ಇಲ್ಲದ ಕಾರಣ, ಆಗಲೇ ಘಟ್ಟ ಇಳಿದು ಮಂಗಳೂರು ಬಂದರು ಸೇರಿದ್ದವು.

ಕಾರ್ಯದರ್ಶಿಗಳಿಗೆ ಕಾಗದದಲ್ಲಿ ತೆಗೆದು ತೋರಿಸಿದೆ. ಅವರು ಅದನ್ನು ಮಡಚಿ ಡ್ರಾಯರಿಗೆ ಹಾಕಿಕೊಂಡರು. "ಇದು ಹೊರಗೆ ಗೊತ್ತಾಗೋದು ಬ್ಯಾಡ ಕಣಮ್ಮ, ಸಂಘದ ಮರ್ಯಾದೆ ಐತೆ" ಎಂದರು. ಹೆಂಗಸಿನ ಮೂಟೆಗಳನ್ನು ಬಿಟ್ಟರು. ಅಷ್ಟರಲ್ಲಿ ಬೀಜದ ಬಣ್ಣ ಹೋಗಿ ದರ್ಜೆ ಇಳಿದಿತ್ತು. ಆಕೆಗೆ ಯಾರೂ ತಪ್ಪಾಯಿತು ಎನ್ನಲಿಲ್ಲ.

ಮುಂದಿನ ಸದಸ್ಯರ ಸಭೆಯಲ್ಲಿ ತಜ್ಞ ಅರ್ಧ ಗಂಟೆ ಭಾಷಣ ಮಾಡಿದ. ಕಚೇರಿಯ ಕಂಪ್ಯೂಟರಿನಲ್ಲಿದ್ದ ನನ್ನ ಟೇಬಲ್‌ಗಳನ್ನು ಗೋಡೆಯ ಮೇಲೆ ತೋರಿಸಿ, ಇದು ನಮ್ಮ ಯೋಜನೆಯ ಎರಡನೇ ಹಂತ, ಮೊದಲಿನಿಂದಲೂ ಹೀಗೇ ಅಂದುಕೊಂಡಿದ್ದೆವು ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಆತನಿಗೆ ಹಾರ ಹಾಕಲು ಕರೆದದ್ದು ನನ್ನನ್ನೇ. ಹೋಗಿ ಹಾಕಿದೆ. ಆತ ಕತ್ತು ಬಗ್ಗಿಸಿದಾಗ ಕಿವಿಯಲ್ಲಿ ಏನಾದರೂ ಹೇಳಿಬಿಡಬಹುದಿತ್ತು, ಹೇಳಲಿಲ್ಲ. ಆತನ ಮೇಲಿನ ತಿರಸ್ಕಾರ ಬೇಗ ಹಳತಾಯಿತು; ಹಾರ ಹಾಕಿದವಳ ಮೇಲಿನದು ಇವತ್ತಿಗೂ ಇದೆ.

ಮಗ್ಗೆಯ ಆ ಹೆಂಗಸು ಮತ್ತೆ ಸಂಘಕ್ಕೆ ಕಾಫಿ ಕೊಡಲಿಲ್ಲ. ವರ್ಷವಾದ ಮೇಲೆ ಆಲೂರಿನ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು. ನಾನೇ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿದರು. ನಾನು ಬಂದಿದ್ನಲ್ಲ, ಅವತ್ತೇ ಹೇಳಬಹುದಾಗಿತ್ತಲ್ಲವ್ವ ಎಂದರು, ಸಿಟ್ಟಿಲ್ಲದೆ. ಅವರ ಬಸ್ಸು ಬಂತು, ಹತ್ತಿಕೊಂಡು ಹೋದರು.