ವೇದಿಕೆ ಹತ್ತದ ಬಸುರಿ

ಹೋದ ಶುಕ್ರವಾರ ಪಕ್ಕದ ಮನೆಯವರ ಮಗಳಿಗೆ ಸೀಮಂತ. ಹಾಸನದ ನಮ್ಮ ಬೀದಿ ಎಷ್ಟು ಕಿರಿದು ಅಂದರೆ ಅವರು ಒಗ್ಗರಣೆ ಹಾಕಿದರೆ ನಾವು ಸೀನಬೇಕು. ಬೆಳಗ್ಗೆ ಏಳುವಷ್ಟರಲ್ಲೇ ಚಿತ್ರಾನ್ನದ ವಾಸನೆ ಗೋಡೆ ದಾಟಿ ಬಂದಿತ್ತು. ನಿಂಬೆಹಣ್ಣಿನದು, ಮಾವಿನಕಾಯಿಯದು, ಎಳ್ಳುಪುಡಿಯದು, ಬಸುರಿಯ ನಾಲಿಗೆ ಯಾವುದನ್ನು ಬಯಸುತ್ತದೋ ಅಂತ ಎಲ್ಲವನ್ನೂ ಕಲಸಿಡುತ್ತಾರಲ್ಲ, ಹಾಗೆ. ನಾನು ಊಟಕ್ಕೆ ಹಿಂಜರಿಯುವ ಹೆಂಗಸಲ್ಲ, ಮದುವೆಮನೆಯಲ್ಲಿ ಬಡಿಸುವವನ ತೋಳು ಹಿಡಿದು ಇನ್ನೊಂದು ಸೌಟು ಪಾಯಸ ಹಾಕಿಸಿಕೊಳ್ಳುವ ಪೈಕಿ. ಆದರೆ ಅವತ್ತು ಎಲೆ ಮುಂದೆ ಕೂತು ಒಂದು ತುತ್ತು ಬಾಯಿಗಿಟ್ಟವಳು ಎಲೆ ಮಡಿಸಿಬಿಟ್ಟೆ. "ಯಾಕ್ರೀ, ಶುಗರ್ರಾ?" ಅಂದರು ಪಕ್ಕದಲ್ಲಿ ಕೂತವರು. ಹೂಂ ಅಂದೆ. ನನ್ನ ವಯಸ್ಸಿನಲ್ಲಿ ಶುಗರ್ ಅಂದುಬಿಟ್ಟರೆ ಯಾರೂ ಮುಂದಕ್ಕೆ ಕೇಳುವುದಿಲ್ಲ, ಅದೊಂದು ಅನುಕೂಲ ಆ ಕಾಯಿಲೆಯಿಂದ.

ನಿಮಗಾದರೂ ನಿಜ ಹೇಳುತ್ತೇನೆ. ನನಗೆ ಆ ವಾಸನೆ ಬಂದಾಗಲೆಲ್ಲ ಅರಕಲಗೂಡಿನ ಒಂದು ಕಲ್ಯಾಣ ಮಂಟಪದ ಹಿಂದಿನ ಕೋಣೆ ನೆನಪಾಗುತ್ತದೆ. ಅಲ್ಲಿ ಚಿತ್ರಾನ್ನದ ಕೊಳಗಗಳ ಪಕ್ಕ ಒಂದು ಪ್ಲಾಸ್ಟಿಕ್ ಕುರ್ಚಿ, ಕುರ್ಚಿಯ ಮೇಲೆ ಸವಿತ ಅನ್ನುವ ತುಂಬಿದ ಬಸುರಿ.

ಕೆಲವು ವರ್ಷಗಳ ಹಿಂದಿನ ಮಾತು. ನಾನು ಆಗ ಒಂದು ಟ್ರಸ್ಟಿನಲ್ಲಿ ಊರೂರು ಸುತ್ತುವ ಕೆಲಸದಲ್ಲಿದ್ದೆ. ಕೂಲಿ ಮಾಡುವ ಮನೆಗಳ ಬಸುರಿಯರನ್ನು, ಬಾಣಂತಿಯರನ್ನು ನೋಡಿಕೊಂಡು ಬರುವುದು, ರಕ್ತ ಕಮ್ಮಿ ಇದ್ದವರಿಗೆ ಮಾತ್ರೆ ನುಂಗಿಸುವುದು, ಬೇಳೆ ಬೆಲ್ಲ ಕಡಲೆಬೀಜದ ಚೀಲ ಕೊಡುವುದು. ಇವತ್ತು ಹೊಳೆನರಸೀಪುರದ ಕಡೆ, ನಾಳೆ ಚನ್ನರಾಯಪಟ್ಟಣದ ಕಡೆ, ಮರುದಿನ ಅರಕಲಗೂಡು ದಾಟಿ ರಾಮನಾಥಪುರದ ಕಡೆ. ಟ್ರಸ್ಟಿಗೊಂದು ಜೀಪಿತ್ತು, ನಿಜ. ಅದು ಅತಿಥಿಗಳನ್ನು ಕರೆತರುವುದಕ್ಕೆ. ನಮಗೆ ಕೆಂಪು ಬಸ್ಸು. "ಸಮಾಜಸೇವೆ ಮಾಡ್ತಾಳಂತೆ, ಮನೇಲಿ ಕಾಫಿ ಲೋಟ ತೊಳೆಯೋಕೆ ಆಳಿಲ್ಲ" ಅಂತ ನಮ್ಮ ಯಜಮಾನರು ಗೊಣಗುತ್ತಿದ್ದರು. ಗೊಣಗುತ್ತಲೇ ತೊಳೆದಿಡುತ್ತಿದ್ದರು, ಪಾಪ.

ಚೀಲ ಕೊಟ್ಟರೆ ತಗೊಳ್ಳುತ್ತಿದ್ದರು, ಆದರೆ ತಪಾಸಣೆಗೆ ಬನ್ನಿ ಅಂದರೆ ಅತ್ತೆಯರು ಕಳಿಸುತ್ತಿರಲಿಲ್ಲ. "ನಾವೆಲ್ಲ ಎತ್ತಿಲ್ವಾ? ಯಾವ ಡಾಕ್ಟ್ರು ಬಂದಿದ್ರು ನಮ್ಗೆ?" ಅನ್ನುವುದು ಎಲ್ಲ ಊರಿನ ಎಲ್ಲ ಅತ್ತೆಯರ ಒಂದೇ ಪಲ್ಲವಿ. ಆಗ ನಮ್ಮ ಅಮ್ಮಾವ್ರಿಗೆ ಒಂದು ಯೋಚನೆ ಹೊಳೆಯಿತು. ಅಮ್ಮಾವ್ರು ಅಂದರೆ ಟ್ರಸ್ಟಿನ ಯಜಮಾನಿ, ಹೊಳೆನರಸೀಪುರದ ಕಡೆಯ ಜಮೀನ್ದಾರರ ಮನೆಯ ಸೊಸೆ. ಸಾಮೂಹಿಕ ಸೀಮಂತ ಮಾಡಿಬಿಡೋಣ, ಹಸಿರು ಬಳೆ ತೊಡಿಸೋಣ, ಮಡಿಲು ತುಂಬೋಣ, ವೇದಿಕೆಯಿಂದ ಇಳಿದವರು ಹಾಗೇ ಹಿಂದುಗಡೆ ಡಾಕ್ಟರ ಟೇಬಲ್ಲಿಗೆ ಹೋಗಲಿ ಅಂದರು. ಅದ್ಭುತ ಉಪಾಯ, ಸುಳ್ಳು ಹೇಳಬಾರದು. ತಪಾಸಣೆ ಅಂದರೆ ಮೂಗು ಮುರಿಯುತ್ತಿದ್ದ ಅತ್ತೆಯರು ಸೀಮಂತ ಅಂದಕೂಡಲೇ ಪೆಟ್ಟಿಗೆಯಿಂದ ರೇಷ್ಮೆ ಸೀರೆ ತೆಗೆದು ಸೊಸೆಯರಿಗಿಂತ ಮುಂಚೆ ಬಂದು ಕೂರುತ್ತಿದ್ದರು. ಮೈಕು ಹಿಡಿದು ಹೆಸರು ಕರೆಯುವ ಕೆಲಸ ನನ್ನದು. ನನ್ನ ದನಿ ಚೆನ್ನಾಗಿದೆ ಅಂತ ಯಾರೋ ಒಮ್ಮೆ ಹೇಳಿದ್ದರು. ಆಮೇಲೆ ನನ್ನ ಕೈಯಿಂದ ಮೈಕು ಕಿತ್ತುಕೊಳ್ಳಲು ಇನ್ನೊಬ್ಬರು ಬೇಕಾಗುತ್ತಿದ್ದರು.

ಸವಿತನ ಮನೆ ರಾಮನಾಥಪುರದ ಹತ್ತಿರದ ಒಂದು ಊರಿನಲ್ಲಿ. ಗಂಡ ಹೆಂಡತಿ ಇಬ್ಬರೂ ಹೊಗೆಸೊಪ್ಪಿನ ಕೆಲಸಕ್ಕೆ ಹೋಗುತ್ತಿದ್ದರು. ಬಸುರಿ ಅಂತ ಗೊತ್ತಾದ ಸ್ವಲ್ಪ ದಿನಕ್ಕೇ ಟ್ರ್ಯಾಕ್ಟರ್ ಮಗುಚಿ ಗಂಡ ಹೋಗಿಬಿಟ್ಟ. ಅಲ್ಲಿಂದಾಚೆ ಅತ್ತೆ ಕೆಂಪಮ್ಮ ಅವಳನ್ನು ಮನೆಯಿಂದ ಹೊರಗೆ ಬಿಡಲಿಲ್ಲ. ಊರಿನ ನರ್ಸಮ್ಮನ ಜಾಗ ಖಾಲಿ ಬಿದ್ದಿತ್ತು, ಕೇಳುವವರೂ ಇರಲಿಲ್ಲ. ಕಾರ್ಯಕ್ರಮದ ಹಿಂದಿನ ದಿನ ನಾನು ಹೋದಾಗ ಸವಿತ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ಪಾದ ಊದಿಕೊಂಡು ಕಾಲುಂಗುರ ತೆಗೆದ ಗುರುತೂ ಮುಚ್ಚಿಹೋಗಿತ್ತು. ಹೆಬ್ಬೆರಳಿನಿಂದ ಒತ್ತಿದೆ. ಗುಳಿ ಬಿತ್ತು, ಬಿದ್ದ ಗುಳಿ ಮೇಲಕ್ಕೆ ಬರಲಿಲ್ಲ.

"ತಲೆ ನೋಯ್ತದೇನವ್ವ?"

"ಆಗಾಗ ನೋಯ್ತದೆ ಅಕ್ಕ."

ಬಸುರಿಯ ಕಾಲು ಹೀಗೆ ಊದಿ ತಲೆನೋವು ಅಂದರೆ ಮೊದಲು ಬಿ.ಪಿ. ನೋಡಬೇಕು, ಅಷ್ಟು ನಮಗೆ ಕಲಿಸಿದ್ದರು. ಬಿ.ಪಿ. ಮೆಷಿನ್ ನಮ್ಮ ಕೈಗೆ ಕೊಟ್ಟಿರಲಿಲ್ಲ, ಅದು ಡಾಕ್ಟರ ಬ್ಯಾಗಿನಲ್ಲಿ. ನಾಳೆ ಅರಕಲಗೂಡಿಗೆ ಕಳಿಸಿ ಅಂತ ಕೆಂಪಮ್ಮನಿಗೆ ಹೇಳಿದೆ.

"ವರ್ಸ ತುಂಬಿಲ್ಲ ಕಣವ್ವ, ಒಸ್ಲು ದಾಟುಸ್ಬಾರ್ದು. ಅದ್ರಲ್ಲೂ ಸೀಮಂತದ ಮನೆಗೆ? ಜನ ಉಗೀತಾರೆ."

"ಮಗ ಅಂತೂ ಹೋದ ಕೆಂಪಮ್ಮಾರೆ. ಮಗನ ಮಗೂನಾದ್ರೂ ಉಳಿಸ್ಕೊಳ್ಳಿ."

ಆಯಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಆಮೇಲೆ, "ಡಾಕ್ಟ್ರಮ್ಮ ನೋಡ್ತಾರಾ, ಖಂಡಿತ್ವಾಗ್ಲೂ?" ಅಂದಳು.

"ನೋಡ್ತಾರೆ. ನಾನಿಲ್ವಾ?" ಅಂದೆ.

ಭಾನುವಾರ ಬೆಳಗ್ಗೆ ಇಬ್ಬರೂ ಬಂದರು. ಮಂಟಪದ ತುಂಬ ಹೂವು, ಗಲಾಟೆ, ಸ್ಪೀಕರಿನಲ್ಲಿ ಓಲಗ. ಸವಿತ ಹಳೆಯ ಬೂದುಬಣ್ಣದ ಸೀರೆಯಲ್ಲಿ ಬಾಗಿಲ ಪಕ್ಕ ನಿಂತಿದ್ದಳು, ಬೋಳು ಕೈ, ಬೋಳು ಹಣೆ. ಅಮ್ಮಾವ್ರು ಅವಳನ್ನು ನೋಡಿದರು, ನನ್ನನ್ನು ಪಕ್ಕಕ್ಕೆ ಕರೆದರು.

"ಪಾಪ, ಎಷ್ಟು ಚಿಕ್ಕ ಹುಡುಗಿ! ಮುತ್ತೈದೇರ ಮಧ್ಯೆ ಕೂರಿಸಿದರೆ ಅವಳಿಗೇ ಮುಜುಗರ ಅಲ್ವೇನೇ? ಇವರಿಗೂ ಮನಸ್ಸಿಗೆ ಒಂಥರಾ ಆಗುತ್ತೆ, ಮೊದಲ ಬಸುರು ಎಷ್ಟೋ ಜನರದ್ದು. ಹಿಂದೆ ಕೋಣೇಲಿ ಕೂರಿಸು. ಮುಗಿದಮೇಲೆ ನಾನೇ ಹೋಗಿ ನನ್ನ ಕೈಯಾರೆ ಚೀಲ ಕೊಡ್ತೀನಿ."

"ಚೀಲ ಇರಲಿ ಅಮ್ಮ, ಡಾಕ್ಟರು ಮೊದಲು ಅವಳನ್ನ ನೋಡಬೇಕು. ಕಾಲು ಊದಿದೆ."

"ನೋಡ್ತಾರಮ್ಮ, ಎಲ್ಲಿಗೆ ಹೋಗ್ತಾರೆ? ಶುರು ಮಾಡು ನೀನು, ಅತಿಥಿಗಳು ಬಂದಾಯ್ತು."

ಆ ಅಮ್ಮಾವ್ರು ಕೆಟ್ಟವರೇನಲ್ಲ, ಇದನ್ನು ನೆನಪಿಡಿ. ಕೆಟ್ಟವರಾಗಿದ್ದರೆ ನಾನು ಎಂದೋ ಬೈದು ಹಗುರಾಗುತ್ತಿದ್ದೆ. ಅವರ ಕಣ್ಣಲ್ಲಿ ನಿಜವಾಗಿ ನೀರಿತ್ತು. ಕರುಣೆಯಿಂದಲೇ ಆ ಹುಡುಗಿಯನ್ನು ಅಡುಗೆಯವರ ಕೋಣೆಗೆ ಕಳಿಸಿದರು. ಥೂ, ಆ ಕರುಣೆಗಿಷ್ಟು ಬೆಂಕಿ ಹಾಕ!

ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದೆ. ಕುಂಕುಮ, ಬಳೆ, ಆರತಿ, ಫೋಟೋ, ಆಮೇಲೆ ಹಿಂದಿನ ಮೆಟ್ಟಿಲಿಳಿದು ಡಾಕ್ಟರ ಟೇಬಲ್ಲು. ವೇದಿಕೆ ಹತ್ತಿದವರೇ ಟೇಬಲ್ಲಿಗೆ ಹೋಗುವ ಹಾಗೆ ದಾರಿ ಮಾಡಿದ್ದರು, ಬೇರೆ ದಾರಿ ಇರಲೇ ಇಲ್ಲ. ಮಧ್ಯೆ ಇಬ್ಬರ ಭಾಷಣ, "ತಾಯ್ತನ ದೇವರ ವರ" ಅಂತ ಒಬ್ಬರು ಹೇಳಿದ್ದನ್ನೇ ಹೇಳಿದರು. ನಾನು ಅಡುಗೆಯ ಹೆಂಗಸಿನ ಕೈಲಿ ಡಾಕ್ಟರಿಗೆ ಚೀಟಿ ಕಳಿಸಿದೆ, ಕೋಣೇಲಿ ಒಬ್ಬರಿದ್ದಾರೆ, ದಯವಿಟ್ಟು ನೋಡಿ ಅಂತ. ಬಡಿಸುವ ಗಡಿಬಿಡಿಯಲ್ಲಿ ಅವಳು ಅದನ್ನು ಯಾವ ಪಾತ್ರೆಯ ಮೇಲಿಟ್ಟು ಮರೆತಳೋ. ವಂದನಾರ್ಪಣೆ ಮುಗಿಸಿ ಓಡಿಬರುವಷ್ಟರಲ್ಲಿ ಡಾಕ್ಟರಮ್ಮ ಕಾರಿನಲ್ಲಿ ಕೂತಿದ್ದರು. ಮಧ್ಯಾಹ್ನ ಚನ್ನರಾಯಪಟ್ಟಣದಲ್ಲಿ ಇನ್ನೊಂದು ಶಿಬಿರವಂತೆ.

"ಇನ್ನೊಬ್ಬರು ಉಳಿದಿದ್ದಾರಾ? ಯಾರೂ ಹೇಳಲೇ ಇಲ್ಲ. ನಾಳೆ ಆಸ್ಪತ್ರೆಗೆ ಕಳಿಸಿಬಿಡಿ" ಅಂದರು. ಗಾಜು ಮೇಲಕ್ಕೆ ಹೋಯಿತು.

ಕೋಣೆಗೆ ಹೋದರೆ ಅಮ್ಮಾವ್ರು ಆಗಲೇ ಚೀಲ ಕೊಟ್ಟು ತಲೆ ಸವರಿ ಹೋಗಿದ್ದರು. ಚೀಲದಿಂದ ಬಳೆ, ಕುಂಕುಮದ ಪೊಟ್ಟಣ ತೆಗೆದಿರಿಸಿ ಉಳಿದದ್ದನ್ನು ಕೊಟ್ಟಿದ್ದರು. ಸವಿತ ತಟ್ಟೆಯಲ್ಲಿದ್ದ ಚಿತ್ರಾನ್ನವನ್ನು ಮುಟ್ಟಿರಲಿಲ್ಲ. ಕೆಂಪಮ್ಮ ನನ್ನನ್ನು ನೋಡಿ ಎದ್ದು ನಿಂತಳು.

"ಆಯ್ತಲ್ಲ ತಾಯಿ ಮರ್ವಾದೆ? ಮನೇಲೇ ಮೂಲೇಲಿ ಕೂತಿದ್ಲು. ಇಲ್ಲೂ ಮೂಲೇಲಿ ಕೂರ್ಸಕ್ಕೆ ಅಷ್ಟು ದೂರದಿಂದ ಕರ್ಸುದ್ರಾ?"

ಆಸ್ಪತ್ರೆಯಲ್ಲಿ ಅವತ್ತು ರಜಾ, ತುರ್ತಿನವರನ್ನಾದರೂ ನೋಡುತ್ತಾರೆ, ಬನ್ನಿ ಹೋಗೋಣ ಅಂತ ಕೈಹಿಡಿದೆ, ಬೇಡಿಕೊಂಡೆ. ಆಯಮ್ಮ ಕೈ ಕೊಡವಿಕೊಂಡು ಸೊಸೆಯನ್ನು ನಡೆಸಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ಹೊರಟೇಬಿಟ್ಟಳು. ಮರುದಿನ ಊರಿಗೇ ಹೋದೆ. ಕದ ತೆಗೆಯಲಿಲ್ಲ. "ನಿಮ್ಮ್ ಉಪ್ಕಾರ ಸಾಕು, ಓಗಿ" ಅಂತ ಒಳಗಿನಿಂದಲೇ ಅಂದಳು. ಅವಳದ್ದು ತಪ್ಪು ಅಂತ ಹೇಳುವ ಬಾಯಿ ನನಗಿರಲಿಲ್ಲ.

ಆ ವಾರ ಕಳೆಯುವುದರೊಳಗೆ ಸವಿತನಿಗೆ ಫಿಟ್ಸ್ ಬಂತು. ಆಟೋದಲ್ಲಿ ಅರಕಲಗೂಡು, ಅಲ್ಲಿಂದ ಆಂಬುಲೆನ್ಸಿನಲ್ಲಿ ಹಾಸನ. ಸುದ್ದಿ ಕೇಳಿ ನಾನು ಹೋಗುವಷ್ಟರಲ್ಲಿ ಹೊಟ್ಟೆಯಲ್ಲೇ ಮಗು ಸತ್ತಿತ್ತು. ಹೆಣ್ಣುಮಗು. ಸವಿತನಿಗೆ ಪ್ರಜ್ಞೆ ಇರಲಿಲ್ಲ, ಉಳಿಯುತ್ತಾಳೋ ಇಲ್ಲವೋ ಅನ್ನುತ್ತಿದ್ದರು. ವಾರ್ಡಿನ ಹೊರಗೆ ಕೆಂಪಮ್ಮ ನೆಲ ಬಡಿದುಕೊಂಡು ಅಳುತ್ತಿದ್ದಳು. "ಗಂಡನ್ನೂ ತಿಂದ್ಲು, ಮಗೀನೂ ತಿಂದ್ಬುಟ್ಲಲ್ಲೋ! ಅಂಥ ಕಾಲ್ಗುಣ ನಮ್ಮನೆಗೆ ಬತ್ತಲ್ಲೋ!" ಊರಿನಿಂದ ಬಂದಿದ್ದ ಹೆಂಗಸರೆಲ್ಲ ಹೌದು ಹೌದು ಅಂತ ತಲೆಯಾಡಿಸುತ್ತಿದ್ದರು. ಬಿ.ಪಿ. ಏರಿ ಹೀಗಾಗಿದ್ದು ಅಂತ ನಾನು ಅಂದದ್ದು ಆ ಗೋಳಿನಲ್ಲಿ ಯಾರ ಕಿವಿಗೂ ಬೀಳಲಿಲ್ಲ.

ಸವಿತ ಉಳಿದಳು. ಅವಳ ಅವ್ವ ಬಂದು ಶಾಂತಿಗ್ರಾಮದ ಹತ್ತಿರದ ತವರಿಗೆ ಕರೆದುಕೊಂಡು ಹೋದಳು ಅಂತ ಕೇಳಿದೆ. ಸ್ವಲ್ಪ ದಿನದಲ್ಲೇ ನಾನೂ ಟ್ರಸ್ಟು ಬಿಟ್ಟೆ. ಬಿಡುವಾಗ ಒಂದು ಶಾಲು ಹೊದಿಸಿ, "ಇವರ ದನಿಯನ್ನು ನಾವು ಕಳೆದುಕೊಳ್ಳುತ್ತಿದ್ದೇವೆ" ಅಂದರು. ನಾನೂ ಜಗಳವಾಡದೆ ಕೈ ಮುಗಿದು ಬಂದೆ. ಟ್ರಸ್ಟು ಈಗಲೂ ಸೀಮಂತ ಮಾಡುತ್ತದೆ, ಮೊದಲಿಗಿಂತ ದೊಡ್ಡ ಶಾಮಿಯಾನ ಹಾಕಿ.

ಪಕ್ಕದ ಮನೆಯ ಎಲೆಯಿಂದ ಎದ್ದುಬಂದ ಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಶನಿವಾರ ಬೆಳಗ್ಗೆ ಚನ್ನರಾಯಪಟ್ಟಣದ ಬಸ್ಸು ಹತ್ತಿ ಶಾಂತಿಗ್ರಾಮದಲ್ಲಿ ಇಳಿದು ಕೇಳಿಕೊಂಡು ಹೋದೆ. ಯಾಕೆ ಹೋಗುತ್ತಿದ್ದೇನೆ ಅಂತ ನನಗೇ ಸರಿಯಾಗಿ ಗೊತ್ತಿರಲಿಲ್ಲ. ಸವಿತ ಡೇರಿಗೆ ಹಾಲು ಹಾಕಿ ಬಂದು ಕೊಟ್ಟಿಗೆ ಗುಡಿಸುತ್ತಿದ್ದಳು. ಸೊರಗಿದ್ದಳು. ನನ್ನ ಗುರುತು ಹಿಡಿದು, "ಬನ್ನಿ ಅಕ್ಕ" ಅಂತ ಮಣೆ ತಂದು ಹಾಕಿದಳು. ಜಗಲಿಯ ಮೇಲೆ ಅವಳ ಅಣ್ಣನ ಹೆಂಡತಿ ಕೂಸಿಗೆ ಹಾಲೂಡಿಸುತ್ತಿದ್ದಳು.

"ಸೋದರಳಿಯನಾ?" ಅಂದೆ.

"ಊಂ ಅಕ್ಕ. ನಾನು ಎತ್ಕಳಲ್ಲ."

"ಯಾಕವ್ವ?"

"ನಂದು ಒಳ್ಳೆ ಕೈಯಲ್ವಲ್ಲ ಅಕ್ಕ. ಅತ್ಗೆ ಭಯ ಬೀಳ್ತಾರೆ. ಅವ್ರುದೇನೂ ತಪ್ಪಿಲ್ಲ." ದನದ ಬಗ್ಗೆ ಹೇಳುವ ಹಾಗೆ ಹೇಳಿದಳು. ನಾಮಕರಣದ ದಿನ ತಾನಾಗೇ ಹೊಲಕ್ಕೆ ಹೋಗಿ ಕೂತಿದ್ದಳಂತೆ.

ನನಗೆ ಕೂದಲು ಕಿತ್ತುಕೊಳ್ಳುವಂತಾಯಿತು. "ನಿನಗೆ ಏನಾಗಿತ್ತು ಅಂತ ಆಸ್ಪತ್ರೇಲಿ ಯಾರೂ ಹೇಳಲಿಲ್ವಾ?" ಅಂದೆ. ಇಲ್ಲ ಅಂದಳು. ಅವರು ಅವಳ ಮನೆಯವರಿಗೆ ಹೇಳಿದ್ದರೇನೋ, ಮನೆಯವರಿಗೆ ಬೇರೆ ಕಾರಣ ಆಗಲೇ ಸಿಕ್ಕಿತ್ತು. ಡಾಕ್ಟರು ಹೇಳಿರುತ್ತಾರೆ ಅಂತ ನಾವು, ಟ್ರಸ್ಟಿನವರು ಹೇಳಿರುತ್ತಾರೆ ಅಂತ ಡಾಕ್ಟರು.

ಹೇಳಿದೆ. ಬಸುರಿನಲ್ಲಿ ಬಿ.ಪಿ. ಹೇಗೆ ಏರುತ್ತದೆ, ಕಾಲು ಯಾಕೆ ಊದುತ್ತದೆ, ಫಿಟ್ಸ್ ಯಾಕೆ ಬರುತ್ತದೆ ಅಂತ. ಅವತ್ತು ಮಂಟಪದಲ್ಲಿ ನೋಡಿದ್ದರೆ ಅಲ್ಲಿಂದಲೇ ಹಾಸನಕ್ಕೆ ಕಳಿಸುತ್ತಿದ್ದರು, ಮಗು ಉಳಿಯುವ ಸಾಧ್ಯತೆ ಇತ್ತು, ನಿನ್ನನ್ನು ನೋಡದೆ ಬಿಟ್ಟವರು ನಾವು ಅಂತ. ಗಂಡ ಇರುವವರಿಗೂ ಬರುತ್ತದೆ, ಸಾಹುಕಾರರ ಮನೆಯವರಿಗೂ ಬರುತ್ತದೆ ಅಂತ. ಪೊರಕೆ ಹಿಡಿದು ನಿಂತೇ ಕೇಳಿಸಿಕೊಂಡಳು. ಬೈಯುತ್ತಾಳೆ ಅಂದುಕೊಂಡಿದ್ದೆ, ಬೈದಿದ್ದರೆ ಚೆನ್ನಾಗಿರುತ್ತಿತ್ತು.

"ಅಂಗಾದ್ರೆ ನಾನಲ್ವಾ ಅಕ್ಕ ಮಗೀನ ತಿಂದಿದ್ದು?" ಅಂದಳು.

"ಅಲ್ಲ ಕಣವ್ವ. ನೀನಲ್ಲ."

"ನಾನಲ್ಲ" ಅಂದಳು. ಆಮೇಲೆ ಕುಕ್ಕರಗಾಲಲ್ಲಿ ಕೂತು ಅತ್ತಳು, ದನಿ ಬರದ ಹಾಗೆ ಸೆರಗು ಬಾಯಿಗೆ ತುರುಕಿಕೊಂಡು. ಅತ್ತು ಮುಗಿಸಿ ಮುಖ ತೊಳೆದು ಬಂದು, "ಅತ್ಗೆಗೂ ಏಳಿ ಅಕ್ಕ. ನಾನೇಳುದ್ರೆ ನಂಬಾಕಿಲ್ಲ" ಅಂದಳು.

ಜಗಲಿಗೆ ಹೋಗಿ ಮತ್ತೆ ಮೊದಲಿನಿಂದ ಹೇಳಿದೆ. ಅತ್ತಿಗೆ ಗಮನವಿಟ್ಟು ಕೇಳಿದಳು, ಅಯ್ಯೋ ಪಾಪ ಅಂದಳು, ಕಾಫಿ ಮಾಡಲಾ ಅಂದಳು. ಸವಿತ ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ಹತ್ತಿರ ಬಂದು ನಿಂತಳು, ಕೈ ಸ್ವಲ್ಪ ಮುಂದೆ ಚಾಚಿ. ಅತ್ತಿಗೆ ಕೂಸನ್ನು ಆಚೆ ಸೊಂಟಕ್ಕೆ ಬದಲಾಯಿಸಿಕೊಂಡು ಕಾಫಿ ಮಾಡಲು ಒಳಗೆ ಹೋದಳು.

ಇವತ್ತು ಸೋಮವಾರ. ಬರುವ ಭಾನುವಾರ ಮತ್ತೆ ಹೋಗುತ್ತೇನೆ, ಹೇಳಿದ್ದನ್ನೇ ಹೇಳುತ್ತೇನೆ. ಅದರ ಮುಂದಿನ ಭಾನುವಾರವೂ ಹೋಗುತ್ತೇನೆ. ಬೇಜಾರಾಗಿ ಬೈದರೆ ಬೈಸಿಕೊಳ್ಳುತ್ತೇನೆ. ಆ ಕೂಸನ್ನು ಸವಿತನ ಕೈಗೆ ಕೊಡುವವರೆಗೂ ಬಿಡುವುದಿಲ್ಲ.