ಸೂಜಿಬಾಲದ ಬಾತಿನ ಭಾವಚಿತ್ರ

ಚಿಯಾಂಗ್ ಸೇನ್ ಪೇಟೆಯಲ್ಲಿ ವಾನ್‌ಪೆನ್‌ಳ ಸ್ಟುಡಿಯೊದಲ್ಲಿ ಕೂತು ಗಲ್ಲ ಎತ್ತದವರು ಕಡಿಮೆ. ಗುರುತಿನ ಚೀಟಿಗೆ, ಮದುವೆಗೆ, ಕೊನೆಗೆ ಶವಪೆಟ್ಟಿಗೆಯ ಮುಂದೆ ಇಡುವುದಕ್ಕೆ ಮೂವತ್ತೊಂದು ವರ್ಷ ಆಕೆಯೇ ಊರವರ ಫೋಟೊ ತೆಗೆದಿದ್ದಳು. ಮಚ್ಚೆ ಅಳಿಸುವುದು, ಬನಿಯನ್ನಿನಲ್ಲಿ ಬಂದ ಮುದುಕನಿಗೆ ಕೋಟು ತೊಡಿಸುವುದು, ಮಂಕಾದ ಕಣ್ಣಿಗೆ ಚುಕ್ಕೆಯಷ್ಟು ಬೆಳಕು ಇಡುವುದು ಆಕೆಗೆ ನೀರು ಕುಡಿದಷ್ಟು ಸಲೀಸು. ಆಕೆಯ ಕೈಗೆ ಸಿಕ್ಕ ಸತ್ತವರೆಲ್ಲ ಹತ್ತು ವರ್ಷ ಚಿಕ್ಕವರಾಗುತ್ತಿದ್ದರು.

ಎಲ್ಲರ ಕೈಗೂ ಮೊಬೈಲು ಬಂದಮೇಲೆ ಸ್ಟುಡಿಯೊದ ಹೊಸ್ತಿಲಲ್ಲಿ ಬೆಕ್ಕು ಮಲಗತೊಡಗಿತು. ಹಾಗಿರುವಾಗ ಒಂದು ದಿನ, ಕೆರೆಯಲ್ಲಿ ದೋಣಿ ನಡೆಸುವ, ಊರವರೆಲ್ಲ ಲುಂಗ್ ಅಂದರೆ ದೊಡ್ಡಪ್ಪ ಎಂದು ಕರೆಯುವ ಮುದುಕ ಇನ್‌ಖಾಮ್ ಪರವಾನಗಿಗೆಂದು ಫೋಟೊ ತೆಗೆಸಿಕೊಳ್ಳಲು ಬಂದ.

"ಇಲ್ಲಿ ಕೂತು ನೊಣ ಹೊಡೀತಿದ್ದೀಯಲ್ಲ," ಅಂದ ಆತ. "ಚಳಿಗಾಲದ ಬಾತು ಇಳಿದಿವೆ, ಬಾ. ಅವು ಯಾವತ್ತೂ ನಿನ್ನ ಹತ್ರ ಕನ್ನಡಿ ಕೇಳಲ್ಲ."

"ಲುಂಗ್, ನನಗೆ ಈಜು ಬರಲ್ಲ."

"ಬಾತಿಗೆ ಬರತ್ತೆ. ಅಷ್ಟು ಸಾಕು."

ಮೊದಲ ಚಳಿಗಾಲ ಆಕೆಗೆ ದಕ್ಕಿದ್ದು ಬರೀ ಬಾಲಗಳು. ದೋಣಿಯಲ್ಲಿ ಕೂತು ಮೇಲಿನಿಂದ ತೆಗೆದರೆ ಬಾತು ತಟ್ಟೆಯಲ್ಲಿಟ್ಟ ಬದನೆಕಾಯಿಯ ಹಾಗೆ ಕಾಣುತ್ತಿತ್ತು. ಮರುವರ್ಷ ಹೊಟ್ಟೆಯಡಿ ಚಾಪೆ ಹಾಸಿಕೊಂಡು, ದೋಣಿಯ ಮೂತಿಯಲ್ಲಿ ಬೋರಲು ಮಲಗಿ, ಲೆನ್ಸನ್ನು ನೀರಿಗೆ ಒಂದು ಗೇಣಿನಷ್ಟು ಹತ್ತಿರ ಇಳಿಸಿದಳು. ಈಗ ಬಾತಿನ ಕಣ್ಣೂ ಆಕೆಯ ಕಣ್ಣೂ ಒಂದೇ ಮಟ್ಟಕ್ಕೆ ಬಂದವು. ಐವತ್ತೊಂಬತ್ತರ ಹೆಂಗಸು ಹೀಗೆ ಮೊಸಳೆಯ ಹಾಗೆ ಮಲಗಿದ್ದನ್ನು ನೋಡಿ ದಡದವರು ನಕ್ಕರು. ಆಕೆಗೆ ಅದು ಕೇಳಿಸಲೂ ಇಲ್ಲ.

ಮೂರನೆಯ ವರ್ಷ ಜನವರಿಯ ಒಂದು ಬೆಳಿಗ್ಗೆ ಮಂಜು ಹರಿಯುವ ಹೊತ್ತಿಗೆ ಗಂಡು ಸೂಜಿಬಾಲದ ಬಾತೊಂದು ಎದುರಿಗೇ ತೇಲಿ ಬಂತು. ಕಂದು ತಲೆ, ಬಿಳಿ ಕತ್ತು, ಹಿಂದೆ ಸಪೂರ ಬಾಲ. ನೀರು ಅಲುಗದೆ ನಿಂತಿದ್ದರಿಂದ ಕೆಳಗೆ ಇನ್ನೊಂದು ಬಾತು ತಲೆಕೆಳಗಾಗಿ ತೇಲುತ್ತಿತ್ತು. ಇನ್‌ಖಾಮ್ ಹುಟ್ಟನ್ನು ಮೇಲೆತ್ತಿ ಹಿಡಿದ. ವಾನ್‌ಪೆನ್ ಉಸಿರು ಬಿಗಿಹಿಡಿದು ನಲವತ್ತು ಫೋಟೊ ಹೊಡೆದಳು.

ಕಂಪ್ಯೂಟರಿಗೆ ಹಾಕಿ ನೋಡಿದರೆ ಎಲ್ಲಕ್ಕಿಂತ ಚೆಂದದ ಫೋಟೊದಲ್ಲಿ ಬಾತಿನ ಕೊಕ್ಕಿನ ಮೇಲೆ ಏನೋ ಹಳದಿ ಮೆತ್ತಿಕೊಂಡಿತ್ತು. ಚಾಕಲೇಟಿನ ಕಾಗದವಿರಬೇಕು ಎಂದುಕೊಂಡಳು. ಮದುಮಗನ ಮೂಗಿಗೆ ಅನ್ನ ಅಂಟಿದ್ದರೆ ಬಿಡುತ್ತಾರೆಯೇ? ಅರ್ಧ ಗಂಟೆ ಕೂತು ಅದನ್ನು ಅಳಿಸಿದಳು, ಹಿಂದಿನ ಜೊಂಡನ್ನು ತುಸು ಮಸುಕು ಮಾಡಿದಳು, ರೂಢಿಯಂತೆ ತಿದ್ದಿದ್ದನ್ನು ಮೂಲ ಫೋಟೊದ ಮೇಲೆಯೇ ಸೇವ್ ಮಾಡಿದಳು, ಮೂಲ ಉಳಿಯಲಿಲ್ಲ. ದೊಡ್ಡದಾಗಿ ಮುದ್ರಿಸಿ ಚೌಕಟ್ಟು ಹಾಕಿ, ಕೆರೆಯ ದಂಡೆಯಲ್ಲಿದ್ದ ಇನ್‌ಖಾಮನ ಹೆಂಡತಿಯ ನೂಡಲ್ಸ್ ಅಂಗಡಿಗೆ ಕೊಟ್ಟಳು.

ಮೂರು ದಿನ ಕಳೆದು ಆ ಅಂಗಡಿಗೆ, ಕೆರೆಯಲ್ಲಿ ವಲಸೆ ಹಕ್ಕಿ ಎಣಿಸುವ ನಿಕೊಮ್ ಊಟಕ್ಕೆ ಬಂದ. ವಾನ್‌ಪೆನ್, ಇನ್‌ಖಾಮ್ ಇಬ್ಬರೂ ಅಲ್ಲೇ ಕೂತಿದ್ದರು. ಚಿತ್ರವನ್ನು ನೋಡಿ ಹೊಗಳಿದ.

"ಮುಖ ತೊಳೆಸಿದ್ದೀನಿ," ಅಂದಳು ವಾನ್‌ಪೆನ್. "ಕೊಕ್ಕಿನ ಮೇಲೆ ಏನೋ ಹಳದಿ ಕಸ ಇತ್ತು."

ನಿಕೊಮ್ ಚಮಚ ಕೆಳಗಿಟ್ಟ. "ವಾನ್‌ಪೆನ್ ದೊಡ್ಡಮ್ಮ, ಆ ಕಸದ ಮೇಲೆ ಅಕ್ಷರ ಇತ್ತಾ?"

"ಕಸದ ಮೇಲೆ ಅಕ್ಷರ ಯಾರು ಓದ್ತಾರಪ್ಪ?"

"ನಾನು. ಅದನ್ನ ಓದೋಕೆ ನಾಲ್ಕು ದಿನದಿಂದ ದುರ್ಬೀನಿಗೆ ಕಣ್ಣು ಹಚ್ಚಿ ಕೂತಿದ್ದೀನಿ, ಆಗಿಲ್ಲ. ಅದು ಗುರುತಿಗೆ ಅಂತ ಯಾರೋ ಕೊಕ್ಕಿಗೆ ಹಾಕಿರೋ ಬಿಲ್ಲೆ. ಆ ಬಾತು ಎಲ್ಲಿಂದ ಬಂತು ಅಂತ ಅದೇ ಹೇಳಬೇಕು. ನಿನ್ನೆಯಿಂದ ಬಾತೂ ಕಾಣ್ತಿಲ್ಲ."

ವಾನ್‌ಪೆನ್‌ಳ ಮುಖ ಇಳಿಯಿತು. ಇನ್‌ಖಾಮ್ ಮಾತ್ರ ಕಿಸಕ್ಕನೆ ನಕ್ಕ. "ಪಾಪ, ಅದರ ವಿಳಾಸಾನೇ ಅಳಿಸಿಬಿಟ್ಟಿದ್ದಾಳೆ."

ಮೂವರೂ ಸ್ಟುಡಿಯೊಗೆ ಓಡಿದರು. ಬೇಡವೆಂದು ಬದಿಗಿಟ್ಟ ಮೂವತ್ತೊಂಬತ್ತು ಫೋಟೊ ಪುಣ್ಯಕ್ಕೆ ಇನ್ನೂ ಹಾಗೇ ಇದ್ದವು. ಒಂದರಲ್ಲಿ ತಲೆ ನೀರಿನೊಳಗೆ, ಒಂದರಲ್ಲಿ ಬೆನ್ನು ಈ ಕಡೆ, ಹತ್ತರಲ್ಲಿ ಬಿಲ್ಲೆಯ ಮೇಲೆ ಬಿಸಿಲು ಬಿದ್ದು ಬರೀ ಹೊಳಪು. ಇಪ್ಪತ್ತೆಂಟನೆಯದರಲ್ಲಿ ಬಾತು ಕಣ್ಣು ಮುಚ್ಚಿತ್ತು, ರೆಕ್ಕೆ ಕೆದರಿತ್ತು, ಕೊಕ್ಕಿನಿಂದ ಕೆಸರು ಸೋರುತ್ತಿತ್ತು. ಮನುಷ್ಯರದ್ದಾಗಿದ್ದರೆ ಆಕೆ ಯಾರಿಗೂ ತೋರಿಸದ ಫೋಟೊ. ಆದರೆ ಹಳದಿ ಬಿಲ್ಲೆಯ ಮೇಲಿನ ಎರಡು ಅಕ್ಷರ ಅಚ್ಚೊತ್ತಿದ ಹಾಗೆ ನಿಚ್ಚಳವಾಗಿದ್ದವು.

ನಿಕೊಮ್ ಆ ಅಕ್ಷರಗಳನ್ನು ಹಕ್ಕಿಗಳಿಗೆ ಬಿಲ್ಲೆ ಹಾಕುವವರಿಗೆ ಬರೆದು ಕಳಿಸಿದ. ಎರಡು ವಾರಕ್ಕೆ ಉತ್ತರ ಬಂತು. ಸೈಬೀರಿಯಾದ ಒಂದು ಸರೋವರದಲ್ಲಿ ಆರು ವರ್ಷದ ಹಿಂದೆ ಬಿಲ್ಲೆ ಹಾಕಿದ ಬಾತು ಅದು. ಆಮೇಲೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ, ಸತ್ತಿರಬೇಕೆಂದು ಬರೆದುಕೊಂಡಿದ್ದರಂತೆ. ನಿಕೊಮ್ ಅದನ್ನು ಓದಿ ಹೇಳಿದಾಗ ವಾನ್‌ಪೆನ್‌ಗೆ ಕಣ್ಣು ತುಂಬಿ ಬಂತು. ಮತ್ತೊಮ್ಮೆ ಓದು ಅಂದಳು. ಸತ್ತಿರಬೇಕು ಅನ್ನುವ ಸಾಲನ್ನು ಮೂರನೆಯ ಸಲವೂ ಓದಿಸಿದಳು.

ಈಗ ಆಕೆ ಕೊಕ್ಕನ್ನಾಗಲಿ ಕಾಲನ್ನಾಗಲಿ ಮುಟ್ಟುವುದಿಲ್ಲ. ಬೆಳಕು ತಿದ್ದುತ್ತಾಳೆ, ಅಂಚು ಕತ್ತರಿಸುತ್ತಾಳೆ, ಅಷ್ಟೇ. ಇಪ್ಪತ್ತೆಂಟನೆಯ ಫೋಟೊವನ್ನೂ ಅಷ್ಟೇ ದೊಡ್ಡದಾಗಿ ಮುದ್ರಿಸಿ ಅಂಗಡಿಗೆ ಒಯ್ದಳು.

ಇನ್‌ಖಾಮನ ಹೆಂಡತಿ ಸೌಟು ಹಿಡಿದುಕೊಂಡೇ ಬಂದು ನೋಡಿದಳು. "ಇದು ನಿದ್ದೆಗಣ್ಣಲ್ಲಿರೋ ಕುಡುಕನ ಹಾಗಿದೆಯಲ್ಲೇ. ಊಟ ಮಾಡೋರ ಮುಂದೆ ಹಾಕೋದಾ?"

"ಹಾಕಮ್ಮ. ಸೈಬೀರಿಯಾದಿಂದ ಬಂದ ನೆಂಟ," ಅಂದಳು ವಾನ್‌ಪೆನ್, ಮೊಳೆ ಹುಡುಕುತ್ತ.